ಹೊಲಿದ ಗಂಟು

ಸಿನಿಮಾದ ಕೊನೆಯ ದೃಶ್ಯ ಹೀಗಿತ್ತು. ಬ್ಯಾಲೆ ಕುಣಿಯುತ್ತ ಬಣ್ಣದ ಕಾಡು, ಗಾಜಿನ ಊರು ಎಲ್ಲ ದಾಟಿದ ನಾಯಕಿ ಒಂದು ಬಾಗಿಲು ತೆರೆಯುತ್ತಾಳೆ. ಒಳಗೆ ಅವಳದೇ ಅಡುಗೆಮನೆ. ಅಲ್ಲಿ ಕುಸಿದು ಬೀಳುತ್ತಾಳೆ. ಗಂಡ ಅವಳ ಶೂ ಬಿಚ್ಚಿ ಮೂಲೆಗಿಡುತ್ತಾನೆ, ಅವಳು ಕಣ್ಣೀರಲ್ಲೇ ನಗುತ್ತಾಳೆ. ಅಲ್ಲಿಗೆ ಕುಣಿತ ಮುಗಿಯಿತು, ಸಂಸಾರ ನೆಟ್ಟಗಾಯಿತು. ಇದನ್ನು ಹೇಳುವಾಗಲೆಲ್ಲ ನಿರ್ದೇಶಕರು ತಾವೇ ಕರಗಿ ನೀರಾಗುತ್ತಿದ್ದರು.

ನಾಯಕಿಯ ಪಾತ್ರ ಮಾಡುತ್ತಿದ್ದವಳನ್ನು ಎಲ್ಲರೂ ಬುಗುರಿ ಅಂತಲೇ ಕರೆಯುತ್ತಿದ್ದರು. ಅದನ್ನು ಕೇಳುವಾಗ ಅವಳಿಗೆ ನಗುವೂ ಬರುತ್ತಿರಲಿಲ್ಲ, ಅಳುವೂ ಬರುತ್ತಿರಲಿಲ್ಲ. ಅದರ ಶೂಟಿಂಗ್ ಇದ್ದ ದಿನ ಬೆಳಿಗ್ಗೆ ಮನೆಯಲ್ಲೇ ಈ ದೃಶ್ಯ ಒಮ್ಮೆ ನಡೆದುಹೋಗಿತ್ತು. ಅವಳು ಕೈ ಊರಿ ಅಭ್ಯಾಸ ಮಾಡುತ್ತಿದ್ದ ಗೋಡೆಯ ಕಂಬಿಯನ್ನು ಗಂಡ ಸ್ಕ್ರೂ ಬಿಚ್ಚಿ ಕಿತ್ತಿದ್ದ. ಆ ಜಾಗಕ್ಕೆ ಬೀರು ಬರುತ್ತದಂತೆ. ಇದೇ ಕೊನೆಯ ಸಿನಿಮಾ ಅಂತ ಮಾತಾಗಿತ್ತಲ್ಲ ಎಂದ. ಮಾತಾಗಿದ್ದು ಅವನಿಗೂ ಅವನಮ್ಮನಿಗೂ. ಬುಗುರಿ ಆಗ ಬಚ್ಚಲಲ್ಲಿದ್ದಳು. ಗೋಡೆಯಲ್ಲಿ ತೂತುಗಳಷ್ಟೇ ಉಳಿದಿದ್ದವು.

ಬ್ಯಾಲೆ ಶೂಗೆ ರೇಷ್ಮೆಯ ಪಟ್ಟಿ. ಅದನ್ನು ಕುಣಿಯುವವಳೇ ಹೊಲಿದುಕೊಳ್ಳಬೇಕು, ಬೇರೆಯವರು ಕೈ ಹಾಕುವುದಿಲ್ಲ. ಕಾಲಿಗೆ ಸುತ್ತಿ ಕಟ್ಟಿದ ಮೇಲೆ ನಡುವೆ ಕಳಚದಿರಲಿ ಅಂತ ಗಂಟಿನ ಮೇಲೂ ಹೊಲಿಗೆ ಹಾಕುತ್ತಾರೆ. ಇವತ್ತು ಮಾತ್ರ ಅದು ಬೇಡ, ಎಳೆದರೆ ಬಿಚ್ಚಿಕೊಳ್ಳಬೇಕು ಎಂದಿದ್ದರು ನಿರ್ದೇಶಕರು. ಬುಗುರಿ ತಲೆಯಾಡಿಸಿದಳು. ಆಮೇಲೆ ಸೂಜಿ ತೆಗೆದುಕೊಂಡಳು. ಉಡುಪು ನೋಡಿಕೊಳ್ಳುವ ಅಕ್ಕ ಅದನ್ನು ಕಂಡೂ ಕಾಣದಂತೆ ದಪ್ಪ ದಾರದ ಉಂಡೆಯನ್ನು ಅವಳತ್ತ ತಳ್ಳಿದಳು.

ಗಂಡನೂ ಶೂಟಿಂಗ್ ನೋಡಲು ಬಂದು ಕ್ಯಾಮೆರಾದ ಹಿಂದೆ ಕುರ್ಚಿ ಹಾಕಿಸಿಕೊಂಡಿದ್ದ. ಬುಗುರಿ ಕಾಡು ದಾಟಿದಳು, ಗಾಜಿನ ಊರು ದಾಟಿದಳು, ಬಾಗಿಲು ತೆರೆದು ಬಿದ್ದಳು. ಸಿನಿಮಾದ ಗಂಡ, ಪಾಪ, ಒಳ್ಳೆಯ ಮನುಷ್ಯ, ಪಟ್ಟಿ ಎಳೆದ. ಬರಲಿಲ್ಲ. ಉಗುರು ಹಾಕಿದ. ಜಪ್ಪಯ್ಯ ಅಂದರೂ ಬರಲಿಲ್ಲ.

ನಿಜದ ಗಂಡನಿಗೆ ತಡೆಯಲಾಗಲಿಲ್ಲ. ಎದ್ದು ಬೆಳಕಿನೊಳಕ್ಕೇ ಬಂದ. "ಬಿಡಿ, ನಾನು ಬಿಚ್ತೀನಿ" ಎಂದು ಅವಳ ಕಾಲು ಹಿಡಿದುಕೊಂಡ. ಇದು ಯಾರ ಅಡುಗೆಮನೆ ಅಂತ ಬುಗುರಿಗೆ ಒಂದು ಗಳಿಗೆ ತಿಳಿಯದೆ ಹೋಯಿತು.

ಅವನು ಕತ್ತರಿ ಕೇಳಿದ. ಅಕ್ಕನ ಕೊರಳಲ್ಲೇ ಕತ್ತರಿ ತೂಗಾಡುತ್ತಿತ್ತು.

"ನನ್ನ ಹತ್ರ ಇಲ್ಲಪ್ಪ" ಎಂದಳು ಅಕ್ಕ.

ಬುಗುರಿ ಕಾಲು ಎಳೆದುಕೊಂಡಳು. "ಅದು ಬಿಚ್ಚಲ್ಲ ರೀ. ನಾನೇ ಹೊಲಿದಿದ್ದು."

ಎದ್ದು ತುದಿಗಾಲ ಮೇಲೆ ನಿಂತಳು. ನಿರ್ದೇಶಕರು ಕಟ್ ಹೇಳುವುದನ್ನೇ ಮರೆತಿದ್ದರು, ಕ್ಯಾಮೆರಾ ಓಡುತ್ತಲೇ ಇತ್ತು. ಅವಳು ಗಂಡನ ಮುಂದೆ ಅಂಗೈ ಚಾಚಿದಳು.

"ಕಂಬಿಯ ಸ್ಕ್ರೂ ಎಲ್ಲಿಟ್ಟಿದೀರಿ?"

ಅವನು ಸುತ್ತ ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಕೈ ತಾನಾಗಿ ಜೇಬಿಗೆ ಹೋಯಿತು, ಅಲ್ಲೇ ನಿಂತಿತು. ಅವಳ ಬೆರಳುಗಳು ಶೂ ಒಳಗೆ ಉರಿಯುತ್ತಿದ್ದವು. ಸ್ಕ್ರೂಗಳು ಒಂದೂ ಬಿಡದೆ ಅಂಗೈಗೆ ಬಂದು ಬೀಳುವವರೆಗೆ ಅವಳು ಹಿಮ್ಮಡಿ ಕೆಳಗಿಡಲಿಲ್ಲ.