ಬೊಂಬೆಯ ದನಿ

ನಮ್ಮ ನರ್ಸಿಂಗ್ ಕಾಲೇಜಿನ ಲ್ಯಾಬಿನಲ್ಲಿ ಮಲಗಿರುವ ಬೊಂಬೆಗೆ ದನಿ ನನ್ನದು. ಕಪ್ಪು ಗಾಜಿನ ಹಿಂದಿನ ಕೋಣೆಯಲ್ಲಿ ಕೂತು ಮೈಕಿನಲ್ಲಿ ನರಳುತ್ತೇನೆ. ಅದರ ನಾಡಿ, ಬಿಪಿ ಏರಿಸಿ ಇಳಿಸುವುದೂ ನಾನೇ. ಹುಡುಗಿಯರು ಮಾತು ಕೇಳಿ, ಪರದೆಯ ಅಂಕಿ ನೋಡಿ, ಏನಾಗಿದೆ ಅಂತ ತಾವೇ ತೀರ್ಮಾನಿಸಬೇಕು. ಬೊಂಬೆಗೇನು, ಎಷ್ಟು ಸಲ ಬೇಕಾದರೂ ಸಾಯುತ್ತದೆ!

ಆವತ್ತು ಪರೀಕ್ಷೆ ನಮ್ಮ ಗುಮ್ಮನಗುಸುಕಿಯದು. ಹೆಸರಿಟ್ಟವಳು ನಾನೇ. ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಮಾಡುತ್ತಾಳೆ, ಹೇಳದಿದ್ದರೆ ಕಂಬದ ಹಾಗೆ ನಿಲ್ಲುತ್ತಾಳೆ. ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು. ಆಗಲೇ ಎರಡು ಸಲ ಫೇಲು. ಈ ಸಲವೂ ಹೋದರೆ ಕೋರ್ಸೇ ಬಿಡಬೇಕು. ರೋಗಿಯನ್ನು ಒಂಟಿಯಾಗಿ ಬಿಟ್ಟು ಹೊರಗೆ ಹೋದರಂತೂ ಮಾತೇ ಇಲ್ಲ, ನೇರ ಫೇಲು.

ನನಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡವಳು ಗಡಿಬಿಡಿಯಲ್ಲಿ ತಿಂಡಿಗೆ ಚಕ್ಕರ್ ಹೊಡೆದಿದ್ದೆ. ಪಾಠ ಹೇಳುವವಳ ಬುದ್ಧಿ ನೋಡಿ!

ಹೊಟ್ಟೆಯ ಆಪರೇಷನ್ ಆದ ರೋಗಿಗೆ ಒಳಗೆ ರಕ್ತ ಸೋರುತ್ತಿದೆ, ಇದು ಆವತ್ತಿನ ಕಥೆ. "ಸುಸ್ತು ಸಿಸ್ಟರ್" ಅಂತ ಶುರು ಮಾಡಿದ್ದು ನೆನಪಿದೆ. ಆಮೇಲಿನದೆಲ್ಲ ಬೇರೆಯವರು ಹೇಳಿದ್ದು. ನನ್ನ ಮಾತು ತೊದಲತೊಡಗಿತಂತೆ. "ಗ್ಯಾಸ್ ಆರಿಸಿದ್ನಾ?" ಅಂತ ಮತ್ತೆ ಮತ್ತೆ ಕೇಳಿದೆನಂತೆ. ಬಾಗಿಲಲ್ಲಿ ನಿಂತ ಹುಡುಗಿಯರು, "ಅಬ್ಬಾ, ಮೇಡಂ ಆ್ಯಕ್ಟಿಂಗ್ ನೋಡ್ರೇ!" ಅಂತ ಕಿಸಿಕಿಸಿ ನಕ್ಕರಂತೆ. ಮೂಲೆಯಲ್ಲಿದ್ದ ಪರೀಕ್ಷಕರೂ ಭೇಷ್ ಅಂತ ತಲೆ ಆಡಿಸಿದರಂತೆ.

ಗುಮ್ಮನಗುಸುಕಿ ಒಮ್ಮೆ ಪರದೆ ನೋಡಿದಳು, ಒಮ್ಮೆ ಕಪ್ಪು ಗಾಜು ನೋಡಿದಳು. ಬೊಂಬೆಯ ಕೈ ಬಿಟ್ಟು ಹೊರಗೆ ಓಡಿದಳು.

ನನಗೆ ಸರಿಯಾಗಿ ಎಚ್ಚರವಾದಾಗ ಬೆರಳು ಚುಚ್ಚಿ ಶುಗರ್ ನೋಡಿಯಾಗಿತ್ತು. ಅವಳು ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕುಡಿಸುತ್ತಿದ್ದಳು. ಬೆವರಿ ತೊಪ್ಪೆಯಾಗಿದ್ದೆ.

ಪರೀಕ್ಷಕರು ಬಾಗಿಲಿಗೆ ಬಂದರು. "ಒಳ್ಳೇ ಕೆಲಸ ಮಾಡಿದೆಯಮ್ಮ. ಆದರೆ ನಿಯಮ ಅಂತ ಒಂದಿದೆ. ರೋಗಿಯನ್ನ ಬಿಟ್ಟು ಬಂದ್ಯಲ್ಲ?"

ಅವಳು ನನ್ನ ನಾಡಿ ಹಿಡಿದಿದ್ದಳು, ತಲೆ ಎತ್ತಲಿಲ್ಲ. "ದನಿ ಕೆಡ್ತಾ ಹೋಯ್ತು ಸರ್, ಅಂಕಿ ಅಲ್ಲಾಡ್ಲೇ ಇಲ್ಲ. ಎರಡನ್ನೂ ನಡೆಸೋದು ಮೇಡಮ್ಮೇ ಅಲ್ವಾ? ನಾನು ರೋಗಿಯನ್ನ ಬಿಟ್ಟು ಬರ್ಲಿಲ್ಲ. ರೋಗಿ ಇದ್ದ ಕಡೆ ಬಂದೆ."

ಪರೀಕ್ಷಕರು ಕೈಯಲ್ಲಿದ್ದ ಅಂಕಪಟ್ಟಿ ನೋಡಿದರು. "ಬರೀರಿ ಸರ್, ಪಾಸ್ ಅಂತ..." ತೊದಲುತ್ತಲೇ ಶುರು ಮಾಡಿದೆ.

"ಮೇಡಂ, ಬಾಯಿ ಮುಚ್ಕೊಂಡು ಕುಡೀರಿ," ಅಂತ ಗದರಿದಳು.

ಪರೀಕ್ಷಕರು ಪೆನ್ನು ತೆಗೆದು ಹಾಗೇ ಬರೆದರು. ನಾನು ತೆಪ್ಪಗೆ ಕುಡಿದೆ.