ಅಕ್ಷತೆ ಒಲ್ಲದ ಯಂತ್ರ

ಕಂಪ್ಲಿಯ ಗಾದಿಲಿಂಗಪ್ಪನ ಅಕ್ಕಿ ಗಿರಣಿಗೆ ಆ ಯಂತ್ರ ಬಂದದ್ದು ಯುಗಾದಿಗೆ ಸ್ವಲ್ಪ ಮೊದಲು. ಅಕ್ಕಿಯ ಒಂದೊಂದು ಕಾಳನ್ನೂ ಕ್ಯಾಮೆರಾ ಕಣ್ಣಿನಿಂದ ನೋಡಿ, ಬಣ್ಣಗೆಟ್ಟಿದ್ದನ್ನು ಗಾಳಿ ಊದಿ ಹೊರಗೆಸೆಯುವ ಯಂತ್ರ. ಇಳಿಸಿದ ದಿನವೇ ವಿಭೂತಿ ಬಳಿದು, ಹಾರ ಹಾಕಿ, ಕಾಯಿ ಒಡೆದರು. ಸ್ವಿಚ್ ಒತ್ತುವುದೊಂದೇ ಬಾಕಿ.

"ಸೋಮವಾರ ಒತ್ತೋಣ," ಎಂದ ಗಾದಿಲಿಂಗಪ್ಪ.

ಸೋಮವಾರ ಅಮಾವಾಸ್ಯೆ ಬಿತ್ತು. ಆಮೇಲೆ ಹಬ್ಬ. ಡ್ಯಾಂನಿಂದ ಕಾಲುವೆಗೆ ನೀರು ಬಿಡಲಿ ಎಂದ. ಬಿಟ್ಟ ಮೇಲೆ, ಗಾಳಿಯಲ್ಲಿ ತೇವ ಹೆಚ್ಚಾಯಿತು ಎಂದ.

ಯಂತ್ರ ಶುರುವಾಗುವವರೆಗೆ ವಾಪಸು ಬರಬೇಡ ಎಂದು ಕಂಪನಿ ಹೇಳಿ ಕಳಿಸಿದ್ದ ಎಂಜಿನಿಯರ್ ಮೌನೇಶ್ ಗಿರಣಿಯಲ್ಲೇ ಉಳಿದ. ದಿನಾ ಯಂತ್ರದ ಧೂಳು ಒರೆಸುತ್ತಿದ್ದ. ಬೇರೆ ಕೆಲಸವಿರಲಿಲ್ಲವಾದ್ದರಿಂದ ಊದುಬತ್ತಿಯನ್ನೂ ಹಚ್ಚತೊಡಗಿದ.

ಗಿರಣಿ ಕಸ ಗುಡಿಸುವ ಜಂಬಕ್ಕನ ಆಡು ಕಳೆದಾಗ ಅವಳು ಯಂತ್ರದ ಮುಂದೆ ಹರಕೆ ಹೊತ್ತಳು. ಆಡು ಸಂಜೆ ತಾನಾಗಿ ಬಂತು. ಅಲ್ಲಿಂದ ಸೋಮವಾರಗಳಂದು ಹೆಂಗಸರು ಬರತೊಡಗಿದರು. ಏಣಿ ಹತ್ತಿ, ಯಂತ್ರದ ತೆರೆದ ಬಾಯಿಗೆ ಅರಿಶಿನದ ಅಕ್ಷತೆ ಹಾಕಿ, ಕೈಮುಗಿದು ಇಳಿಯುವರು. ಗೇಟಿನ ಹತ್ತಿರ ಕಾಯಿ ಅಂಗಡಿಯೂ ಬಂತು.

ಗಾದಿಲಿಂಗಪ್ಪ ಪ್ರತಿ ಬೆಳಿಗ್ಗೆ ಸ್ವಿಚ್ಚಿನ ತನಕ ಬೆರಳು ಒಯ್ದು, ಅಷ್ಟರಲ್ಲಿ ಚಹಾ ನೆನಪಾಗಿ ಹೊರಡುತ್ತಿದ್ದ. ಅವನ ಅಕ್ಕಿ ಚೀಲದ ಮೇಲೆ ತೀರಿಹೋದ ಅಪ್ಪನ ಭಾವಚಿತ್ರವಿತ್ತು. ಆ ಅಕ್ಕಿಯನ್ನೆಲ್ಲ ಯಂತ್ರ ಬೇಡವೆಂದು ಉಗುಳಿಬಿಟ್ಟರೆ? ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೆಂಡತಿ ಕೊಟ್ರಬಸಮ್ಮನಿಗೆ ಮಾತ್ರ ಅವನು ಚಹಾ ಕುಡಿಯದೆ ಆರಿಸುತ್ತ ಕೂರುವುದರಿಂದಲೇ ಗೊತ್ತಾಗಿತ್ತು.

ಯಂತ್ರದಲ್ಲಿ ಹಸನಾದ ಅಕ್ಕಿಯೇ ಬೇಕೆಂದು ವ್ಯಾಪಾರಿಗಳು ಒಬ್ಬೊಬ್ಬರಾಗಿ ಬೇರೆ ಗಿರಣಿ ಹಿಡಿದರು. ಕೊನೆಗೆ ಉಳಿದವಳು ಹೊಸಪೇಟೆಯ ಖಾನಾವಳಿಗಳಿಗೆ ಅಕ್ಕಿ ಹಾಕುವ ತ್ರಿವೇಣಿ. ಅವಳೂ ಹೋದರೆ ಗಿರಣಿಗೆ ಬೀಗ. ಅಂದು ಸೋಮವಾರ, ಅವಳೇ ಬಂದು ಹೆಂಗಸರ ಸಾಲಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಳು.

"ಸಂಜಿ ಬಸ್ಸಿಗೆ ಹೋಗ್ತೀನ್ರಿ. ಅಷ್ಟ್ರಾಗ ಕಪ್ಪು ಕಾಳಿಲ್ಲದ ಅಕ್ಕಿ ತೋರ್ಸಿದ್ರಿ ಅಂದ್ರ ಸರಿ. ಇಲ್ಲಂದ್ರ ನೀವು ಗುಡೀನ ನಡೆಸ್ರಿ."

"ರಾಹುಕಾಲ ಕಳೀಲಿ," ಎಂದ ಗಾದಿಲಿಂಗಪ್ಪ.

"ಅದು ಬೆಳಿಗ್ಗೇನ ಕಳೀತಲ್ರಿ," ಎಂದ ಮೌನೇಶ್.

ಅಷ್ಟರಲ್ಲಿ ಕೊಟ್ರಬಸಮ್ಮ ಒಂದು ಮೊರದಲ್ಲಿ ಗಿರಣಿಯ ಅಕ್ಕಿ ತುಂಬಿಕೊಂಡು ಬಂದಳು.

"ದೇವ್ರು ಆತಲ್ಲ, ನೈವೇದ್ಯ ಬ್ಯಾಡೇನು ಅದಕ್ಕ? ಬರೇ ಅಕ್ಷತಿ ತಿಂದು ಎಷ್ಟ್ ದಿನ ಇರ್ತೈತಿ?"

ಹೆಂಗಸರು ಹೌದೆಂದು ತಲೆಯಾಡಿಸಿದರು. ಗಾದಿಲಿಂಗಪ್ಪ ಮೂಲೆಯ ಅಕ್ಕಿ ರಾಶಿಯತ್ತ ನೋಡಿದ.

"ಇಡೀ ರಾಶಿ ಬ್ಯಾಡ. ಇದೊಂದು ಮೊರ," ಎಂದು ಅವಳು ತಗ್ಗಿದ ದನಿಯಲ್ಲಿ ಹೇಳಿ ಏಣಿ ಹತ್ತಿದಳು.

"ಪೂಜಾರಿ ಒತ್ಲಿ ಹಂಗಾರ," ಎಂದ ಗಾದಿಲಿಂಗಪ್ಪ, ಮೌನೇಶನ ಕಡೆ ತಿರುಗಿ.

"ನಾ ಎಂಜಿನಿಯರ್ ಅದೀನ್ರಿ," ಎಂದ ಮೌನೇಶ್, ಊದುಬತ್ತಿ ಹಿಡಿದೇ.

ಗಾದಿಲಿಂಗಪ್ಪ ಕಣ್ಣು ಮುಚ್ಚಿ ಸ್ವಿಚ್ ಒತ್ತಿದ.

ಯಂತ್ರ ಗುರುಗುಟ್ಟಿತು. ಹೆಂಗಸರು ಕೈಮುಗಿದರು. ಮೊದಲು ಇಳಿದದ್ದು ತಿಂಗಳುಗಟ್ಟಲೆ ಹಾಕಿದ ಅಕ್ಷತೆ. ಯಂತ್ರ ಅದನ್ನು ನೋಡಿ, ಫುಸ್ ಫುಸ್ ಎಂದು ಊದಿ, ಒಂದು ಹಳದಿ ಕಾಳನ್ನೂ ಬಿಡದೆ ಕಸದ ಡಬ್ಬಿಗೆ ಎಸೆಯಿತು.

"ನಮ್ಮನ್ನ ಒಲ್ಲೆ ಅಂತಲ್ಲೇ ಇದು," ಎಂದಳು ಒಬ್ಬ ಮುದುಕಿ. ಸಾಲು ಕದಡಿತು. ಕಾಯಿ ತಂದವರು ಕಾಯಿ ಸಮೇತ ಹೊರಟರು. ಜಂಬಕ್ಕ ಮಾತ್ರ ಡಬ್ಬಿಯ ಹಳದಿ ಅಕ್ಕಿಯನ್ನು ಸೆರಗಿಗೆ ಸುರಿದುಕೊಂಡಳು. "ಕೋಳಿಗಾತು ಬಿಡು."

ಡಬ್ಬಿ ಬರಿದಾದ ಮೇಲೆ ಕೊಟ್ರಬಸಮ್ಮ ಮೊರ ಸುರಿದಳು; ಅಕ್ಕಿ ಇಳಿಯಿತು. ಬೆಳ್ಳಗೆ, ಸುಮ್ಮನೆ. ಅದು ನಿಂತ ಮೇಲೆ ಗಾದಿಲಿಂಗಪ್ಪ ಡಬ್ಬಿಗೆ ಕೈ ಹಾಕಿದ. ಕಪ್ಪು ಕಾಳು, ಒಂದೆರಡು ಹರಳು. ಅಂಗೈಯ ಗುಳಿಯೂ ತುಂಬಲಿಲ್ಲ.

"ಇಷ್ಟಽ ಏನು?"

"ಇಷ್ಟಽ ರೀ," ಎಂದ ಮೌನೇಶ್.

ಗಾದಿಲಿಂಗಪ್ಪ ಅಂಗೈಯ ಕಾಳುಗಳನ್ನು ಬೆರಳಿನಿಂದ ಕೆದಕಿ ನೋಡಿದ. ಇಷ್ಟಕ್ಕಾಗಿ ಆರಿಸಿದ ಚಹಾಗಳೆಲ್ಲ ನೆನಪಾದವು.

ತ್ರಿವೇಣಿ ಒಂದು ಬಿಳಿ ಕಾಳನ್ನು ಹಲ್ಲಲ್ಲಿ ಮುರಿದು ನೋಡಿ ಎದ್ದಳು. "ಭಾಳ ಚೊಲೋ ಐತಿ. ಲಾರಿ ಯಾವಾಗ ಕಳಸ್ತೀರಿ?"

ಗಾದಿಲಿಂಗಪ್ಪ ಬಾಯಿ ತೆರೆದ. "ಮುಂದಿನ ಸೋಮ—"

ಏಣಿಯ ಮೇಲಿದ್ದ ಕೊಟ್ರಬಸಮ್ಮ ಮೌನೇಶನ ಕೈಯಿಂದ ಇನ್ನೊಂದು ಮೊರ ಇಸಕೊಂಡು ಸುರಿದಳು. ಉಳಿದ ಅಕ್ಷರಗಳು ಆ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.