ಹದಿನಾರನೇ ಕಲ್ಲು

ನನಗೆ ಕೋಪ ಬೇಗ ಬರುತ್ತದೆ, ಕಚೇರಿಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಆ ಬೆಳಿಗ್ಗೆ ರಾಜಾನುಕುಂಟೆಯಾಚೆಯ ಗುಡ್ಡ ಹತ್ತಿದಾಗ ಬಂದದ್ದು ನ್ಯಾಯವಾದ ಕೋಪ.

ಗುಡ್ಡದ ಮೇಲೆ ಎರಡು ಕಲ್ಲಿನ ವೃತ್ತಗಳಿವೆ. ಸಾವಿರಾರು ವರ್ಷದ ಹಿಂದಿನವರ ಸಮಾಧಿಗಳು. ಊರಿನವರ ಬಾಯಲ್ಲಿ ಪಾಂಡವರ ಮನೆ. ಕೆಳಗಿನ ಇಳಿಜಾರಿನಲ್ಲಿ ಬಡಾವಣೆಯವರು ಆಗಲೇ ಸೈಟಿನ ಗೂಟ ಹೊಡೆದಿದ್ದರು. ಮರುದಿನ ನಮ್ಮ ಪುರಾತತ್ವ ಇಲಾಖೆಯ ಹಿರಿಯ ಅಧಿಕಾರಿ ಬಂದು ನನ್ನ ನಕ್ಷೆಗೆ ಪ್ರತಿ ಕಲ್ಲನ್ನೂ ತಾಳೆ ನೋಡುವವರಿದ್ದರು. ಕಲ್ಲು ತನ್ನ ಜಾಗದಲ್ಲಿಲ್ಲದಿದ್ದರೆ ಗುಡ್ಡ ಸಂರಕ್ಷಿತ ಸ್ಮಾರಕಗಳ ಪಟ್ಟಿಗೆ ಸೇರುವುದಿಲ್ಲ, ಆಮೇಲೆ ಜೆಸಿಬಿ ಬರುತ್ತದೆ. ದೊಡ್ಡ ವೃತ್ತದಲ್ಲಿ ಹಿಂದಿನ ಸಂಜೆ ಎಣಿಸಿದ್ದು ಹದಿಮೂರು. ಈಗ ಹದಿನಾರು.

ಪಕ್ಕದಲ್ಲೇ ದೊಡ್ಡಮುನಿಯಮ್ಮ ಕುರಿ ಮೇಯಲು ಬಿಟ್ಟು ಕೂತಿದ್ದರು. ಒಂದು ತಿಂಗಳಿಂದ ನನಗೆ ದಿನಾ ಮಜ್ಜಿಗೆ ತರುತ್ತಿದ್ದ ಅಜ್ಜಿ.

"ಯಾರಜ್ಜಿ ಇದನ್ನ ಮುಟ್ಟಿದ್ದು?"

"ನಾನೇ ಕಣಮ್ಮ. ನಮ್ಮಳಿಯ ಮುನೇಶನ ಕೈಲಿ ಆರೆ ಆಕ್ಸಿ ಮೀಟ್ಸಿ ಉಳ್ಳಿಸ್ಕಂಡ್ ಬಂದೆ. ನಡುನಡುವೆ ಕಲ್ಲಿಲ್ದೆ ಬೊಚ್ಚುಬಾಯಿ ತರ ಇತ್ತು. ನಾಳೆ ಸಾಹೇಬ್ರು ಬತ್ತಾರೆ ಅಂದ್ಯಲ್ಲ, ಮನೆಗೆ ಯಾರಾರ ಬತ್ತಾರೆ ಅಂದ್ರೆ ಒಪ್ಪ ಮಾಡಾಕಿಲ್ವಾ?"

"ನನ್ನ ಒಂದು ತಿಂಗಳ ಕೆಲಸ ಮಣ್ಣುಪಾಲು ಮಾಡಿದ್ರಲ್ಲಜ್ಜಿ. ಎಲ್ಲಿಂದ ತಂದ್ರಿ, ಅದಾದ್ರೂ ನೆನಪಿದ್ಯಾ?"

ಅಜ್ಜಿ ಎದ್ದು ನನ್ನನ್ನು ಚಿಕ್ಕ ವೃತ್ತಕ್ಕೆ ಕರೆದೊಯ್ದರು. ಅಲ್ಲಿ ಕಲ್ಲೆತ್ತಿದ ಎರಡು ಕುಳಿಗಳು. ಒಂದೊಂದರಲ್ಲೂ ವೀಳ್ಯದೆಲೆ, ಅಡಿಕೆ, ಚಿಟಿಕೆ ಅರಿಶಿನ.

"ಕೇಳ್ದೆ ಇಸ್ಕೊಳ್ಳಾಕಾಯ್ತದಾ? ಒಳಗೆ ಮಲಗವ್ರಲ್ಲ," ಎಂದರು.

ನನ್ನ ಕೋಪದ ಅರ್ಧ ಅಲ್ಲೇ ಇಳಿದುಹೋಯಿತು. ಮುನೇಶನನ್ನು ಕರೆಸಿ, ಹಳೆಯ ಫೋಟೋ ನೋಡಿಕೊಂಡು ಎರಡನ್ನೂ ಅದೇ ಕುಳಿಗಳಲ್ಲಿ ಕೂರಿಸಿದೆವು. ಉಳಿದದ್ದು ಒಂದು.

"ಅದು ಇರ್ಲಿ ಬುಡು," ಎಂದು ಅಜ್ಜಿ ಮುಖ ತಿರುಗಿಸಿದರು.

ನಾನು ಬಿಡಲಿಲ್ಲ. ಕೊನೆಗೆ ಅವರು ಕೆಳಗಿನ ತಮ್ಮ ರಾಗಿ ಹೊಲದ ಬದುವಿಗೆ ಕರೆದುಕೊಂಡು ಹೋದರು. ಅಲ್ಲೊಂದು ಮಣ್ಣಿನ ದಿಬ್ಬ. ತಲೆಯ ಕಡೆ ಕುಳಿ, ಅದರಲ್ಲೂ ಎಲೆ ಅಡಿಕೆ.

"ನಮ್ಮೆಜಮಾನ್ರುದು. ಒಂದು ಕಮ್ಮಿ ಬಿತ್ತು. ಕೇಳ್ದೆ, ತಗೋ ಅಂದ್ರು."

ಗಂಡನ ಸಮಾಧಿಯ ಕಲ್ಲನ್ನೇ ಕಿತ್ತು ಯಾರೋ ಗುರುತಿಲ್ಲದವರ ಮನೆಗೆ ಕೊಟ್ಟವರ ಮೇಲೆ ಕೂಗಾಡಿದ್ದೆನಲ್ಲ ಎಂದು ನಾಚಿಕೆಯಾಯಿತು. ನಾನೂ ಮುನೇಶನೂ ಅದನ್ನು ಇಳಿಸಿ ತಂದು ದಿಬ್ಬದ ತಲೆಗೆ ನಿಲ್ಲಿಸಿದೆವು.

ಸಾಹೇಬರಿಂದ ಏನನ್ನೂ ಮುಚ್ಚಿಡಲಿಲ್ಲ. ನಡೆದದ್ದನ್ನೆಲ್ಲ ಫೋಟೋ ಸಮೇತ ಬರೆದುಕೊಟ್ಟೆ. ಮರುದಿನ ಅವರು ಬಂದು ಎರಡು ಸಲ ಅಳೆದರು, ಕಲ್ಲಿನ ಬುಡದಲ್ಲಿ ಇಣುಕುತ್ತಿದ್ದ ಎಲೆಯನ್ನು ಸ್ವಲ್ಪ ಹೊತ್ತು ನೋಡಿದರು, ಆಮೇಲೆ ಗುಡ್ಡವನ್ನು ಪಟ್ಟಿಗೆ ಸೇರಿಸಿ ಸಹಿ ಹಾಕಿದರು.

ಹೇಳೋಣವೆಂದು ಹೊಲಕ್ಕೆ ಓಡಿದೆ. ಸುದ್ದಿ ನನಗಿಂತ ಮುಂಚೆ ಅಲ್ಲಿಗೆ ತಲುಪಿತ್ತು. ಅಜ್ಜಿ ಗಂಡನ ಕಲ್ಲಿಗೆ ನೀರು ಹಾಕಿ ಉಜ್ಜುತ್ತಾ ಮಾತಾಡುತ್ತಿದ್ದರು.

"ಅವ್ರ ಮನೆ ಉಳೀತಂತೆ ಕಣ್ರೀ. ನಿಮ್ ಕಲ್ಲು ನಿಮ್ಗೇ ಇರ್ಲಿ ಅಂದ್ಲು ಮೇಡಮ್ಮ."

ನನಗೆ ಅಳುವೂ ಬೇಗ ಬರುತ್ತದೆ. ಅದು ಕಚೇರಿಯಲ್ಲಿ ಯಾರಿಗೂ ಗೊತ್ತಿಲ್ಲ.